ಹುಲುಗಪ್ಪನ ಉಂಗುರ ಬೆರಳು

೧೯೪೬ರಲ್ಲಿ ನಾನು ಸಿರುಗುಪ್ಪದ ಲೋಕಲ್ ಫಂಡ್ ಡಿಸ್ಪೆನ್ಸರಿಯಲ್ಲಿ ವೈದ್ಯನಾಗಿದ್ದೆ. ಲೋಕಲ್ ಫಂಡ್ ಎಂದರೆ ಜಿಲ್ಲಾ ಬೋರ್ಡಿನ ಖರ್ಚಿನಲ್ಲಿ ನಡೆಯುವ ಆಸ್ಪತ್ರೆ. ಆಗ ನಮ್ಮ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ನಾನು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಬೆಳೆದವನು, ಮದರಾಸಿನಲ್ಲಿ ಎಲ್.ಎಂ.ಪಿ. ಎಂಬ ವೈದ್ಯ ಪರೀಕ್ಷೆ ಮುಗಿಸಿ ನಾಲ್ಕು ವರ್ಷವಾಗಿತ್ತು. ಎರಡು ಕೋಣೆಯ ಮಾಳಿಗೆ ಕಟ್ಟಡ, ಆರು ಮಂಚ, ಒಬ್ಬ ವೈದ್ಯ, ಒಬ್ಬ ಕಾಂಪೌಂಡರ್. ಕಾಂಪೌಂಡರ್ ನರಸಪ್ಪ ತೆಲುಗು ಮನೆಮಾತಿನವನು. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವನು, ವೈದ್ಯಕೀಯದಲ್ಲಿ ಮೂವತ್ತು ವರ್ಷ ದೊಡ್ಡವನೆಂದು ತಿಳಿದುಕೊಂಡಿದ್ದ. ಅವನ ತಿಳಿವಳಿಕೆ ಪೂರ್ತಿ ಸುಳ್ಳಾಗಿರಲಿಲ್ಲ.

ಮೂವತ್ತು ವರ್ಷದ ನೌಕರಿಯಲ್ಲಿ ನಾನು ಕಾಲರಾ ನೋಡಿದ್ದೇನೆ, ಪ್ಲೇಗು ನೋಡಿದ್ದೇನೆ. ಆದರೆ ಯಾರಾದರೂ ನಿಮ್ಮ ಮರೆಯಲಾಗದ ಕೇಸು ಯಾವುದೆಂದು ಕೇಳಿದರೆ ನನಗೆ ನೆನಪಾಗುವುದು ಒಂದು ಉಗುರುಸುತ್ತು. ಕೇಳಿದವರು ನಗುತ್ತಾರೆ. ನಾನು ಮಾತು ಬದಲಾಯಿಸುತ್ತೇನೆ.

ಆ ಬೆರಳು ಹುಲುಗಪ್ಪನದು. ಅವನು ಕುರುಗೋಡಿನವನು, ಆಗ ಮೂವತ್ತೈದರ ಆಸುಪಾಸು. ಹದಿವಯಸ್ಸಿನಲ್ಲಿ ಬಳ್ಳಾರಿ ಕಂಟೋನ್ಮೆಂಟಿನ ಮೆಸ್ಸಿನಲ್ಲಿ ಪಾತ್ರೆ ತೊಳೆಯಲು ಸೇರಿದ್ದ. ಅಲ್ಲಿ ಬ್ಯಾಂಡಿನ ಸಿಪಾಯಿಯೊಬ್ಬ ಅವನಿಗೆ ಗಿಟಾರ್ ಹಿಡಿಯುವುದನ್ನು ಕಲಿಸಿದನಂತೆ. ಪಲ್ಟನ್ನು ಊರು ಬಿಡುವಾಗ ಗಿಟಾರನ್ನೂ ಇವನಿಗೇ ಕೊಟ್ಟು ಹೋದನಂತೆ. ಸಿಪಾಯಿ ಕಲಿಸಿದ ಇಂಗ್ಲಿಷ್ ಮಟ್ಟುಗಳನ್ನು ಹುಲುಗಪ್ಪ ಬೇಗ ಮರೆತ, ವಾದ್ಯವನ್ನು ಬಿಡಲಿಲ್ಲ. ನಾನು ನೋಡುವ ಹೊತ್ತಿಗೆ ಅವನು ಒಂದು ನಾಟಕ ಕಂಪನಿಯಲ್ಲಿ ರಂಗಗೀತೆಗಳಿಗೆ ಗಿಟಾರ್ ನುಡಿಸುತ್ತಿದ್ದ. ಗಿಟಾರೆಂದರೆ ಜನಕ್ಕೆ ತಿಳಿಯದೆಂದು ಕಂಪನಿಯವರು ಹ್ಯಾಂಡ್‌ಬಿಲ್ಲಿನಲ್ಲಿ ‘ಮಿಲಿಟರಿ ಪಿಟೀಲು ಸಹಿತ’ ಎಂದು ಅಚ್ಚು ಹಾಕಿಸುತ್ತಿದ್ದರು. ವಾದ್ಯದ ಹೆಸರು ಬರುತ್ತಿತ್ತು, ನುಡಿಸುವವನ ಹೆಸರು ಒಮ್ಮೆಯೂ ಬರಲಿಲ್ಲ. ಹಾರ್ಮೋನಿಯಂ ಮಾಸ್ತರರು ಜನರ ಎದುರಿಗೆ ಕೂರುತ್ತಿದ್ದರು. ಹುಲುಗಪ್ಪ ಪಕ್ಕದ ಪರದೆಯ ಹಿಂದೆ. ಅವನು ಹುಟ್ಟಿದ ಕೇರಿ ಅದಕ್ಕೆ ಕಾರಣ. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳುತ್ತಿರಲಿಲ್ಲ, ನಾನೂ ಕೇಳಲಿಲ್ಲ.

ನನಗೆ ಅವನ ಹುಚ್ಚು. ಸಿರುಗುಪ್ಪದಲ್ಲಿ ಕಂಪನಿ ಬಿಡಾರ ಹೂಡಿದರೆ ನಾನು ಪರದೆಯ ಆ ಪಕ್ಕಕ್ಕೇ ಕುರ್ಚಿ ಹಾಕಿಸಿಕೊಳ್ಳುತ್ತಿದ್ದೆ. ಅವನ ವಿದ್ಯೆಯೆಲ್ಲ ಎಡಗೈಯ ಉಂಗುರ ಬೆರಳಿನಲ್ಲಿತ್ತು. ಆ ಬೆರಳಿನ ತುದಿಯಿಂದ ತಂತಿಯನ್ನು ಒತ್ತಿ ಪಕ್ಕಕ್ಕೆ ಎಳೆದನೆಂದರೆ ಸ್ವರ ಒಂದು ಮೆಟ್ಟಿನಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುತ್ತಿತ್ತು. ಹೆಂಗಸರು ತವರನ್ನು ನೆನೆಸಿಕೊಂಡು ಹಾಡುವಾಗ ದನಿ ಹಾಗೆ ಜಾರುತ್ತದೆ. ಆ ಎಳೆತ ಬಂದಾಗ ಶೇಂಗಾ ತಿನ್ನುತ್ತಿದ್ದವರು ಬಾಯಾಡಿಸುವುದನ್ನು ನಿಲ್ಲಿಸುತ್ತಿದ್ದರು.

ಫೆಬ್ರವರಿಯ ಒಂದು ಗುರುವಾರ. ಭತ್ತದ ಸುಗ್ಗಿ ಮುಗಿದು ಅಕ್ಕಿ ಗಿರಣಿಗಳು ಬಿಡುವಿಲ್ಲದೆ ಓಡುತ್ತಿದ್ದ ಕಾಲ. ಬೆಳಿಗ್ಗೆ ಮೊದಲು ಬಂದವನು ತಾಯಪ್ಪ, ಗಿರಣಿಯಲ್ಲಿ ಮೂಟೆ ಹೊರುವ ಹಮಾಲಿ. ಬೆರಳಿನ ತುದಿ ಕೆಂಪಗೆ ಊದಿ ಬಿಗಿದಿತ್ತು. ಬೆರಳಿನ ಮೆತ್ತನೆಯ ತುದಿಯಲ್ಲಿ ಕೀವಾದರೆ ಅದಕ್ಕೆ ಹೊರಬರಲು ದಾರಿಯಿರುವುದಿಲ್ಲ, ಒಳಗೇ ಒತ್ತಿ ಮೂಳೆಯನ್ನು ಕೊಲ್ಲುತ್ತದೆ. ರೋಗಿಗೆ ನೋವಿನಿಂದ ಒಂದು ರಾತ್ರಿ ನಿದ್ದೆ ಕೆಟ್ಟಿದ್ದರೆ ಮರುದಿನ ಕೊಯ್ಯಲೇಬೇಕೆಂದು ನಮಗೆ ಕಾಲೇಜಿನಲ್ಲಿ ಕಲಿಸಿದ್ದರು. ಬೆರಳಿನ ಬುಡಕ್ಕೆ ಪ್ರೊಕೇನ್ ಚುಚ್ಚಿ ಮರಗಟ್ಟಿಸಿ ಕೊಯ್ದೆ. ಕೀವು ಹಾರಿತು. ತಾಯಪ್ಪ ನಿಟ್ಟುಸಿರು ಬಿಟ್ಟು, ಪಟ್ಟಿ ಕಟ್ಟಿಸಿಕೊಂಡು ಹೋದ. ಹತ್ತು ನಿಮಿಷದ ಕೆಲಸ.

ಅವನು ಮೆಟ್ಟಿಲಿಳಿಯುವಾಗ ಹುಲುಗಪ್ಪ ಹತ್ತಿದ. ಮುರಿದ ತಂತಿ ಬದಲಾಯಿಸುವಾಗ ತುಕ್ಕುಹಿಡಿದ ತುದಿ ಚುಚ್ಚಿತ್ತು. ಎಡಗೈ, ಉಂಗುರ ಬೆರಳು, ಸರಿಯಾಗಿ ತಂತಿ ಒತ್ತುವ ಜಾಗ.

“ಎರಡು ರಾತ್ರಿ ಆತ್ರಿ ಕಣ್ಣು ಮುಚ್ಚಿಲ್ಲ. ಕೊಯ್ದುಬಿಡ್ರಿ ಡಾಕ್ಟ್ರೇ, ತಡಕೊಂತೀನಿ,” ಎಂದ.

ನರಸಪ್ಪ ಚಾಕುವನ್ನು ಕುದಿಯುವ ನೀರಿನಿಂದ ತೆಗೆದು ಬಟ್ಟಲಲ್ಲಿಟ್ಟಿದ್ದ. ನಾನು ಬೆರಳನ್ನು ಹಿಡಿದುಕೊಂಡೆ. ನನ್ನ ಕಣ್ಣಿಗೆ ರೋಗ ಕಾಣಲಿಲ್ಲ, ಆ ಎಳೆತ ಕಂಡಿತು. ಇಲ್ಲಿ ಕೊಯ್ದರೆ ಕಲೆ ಬೀಳುತ್ತದೆ, ತುದಿ ಜೋಮು ಹಿಡಿಯುತ್ತದೆ, ಸ್ವರ ಜಾರುವುದಿಲ್ಲ ಎಂದು ಹೆದರಿದೆ.

“ಕೊಯ್ಯೂದು ಸುಲಭ ಐತಪ್ಪ. ಆ ಜಾಗದಾಗ ಕಲಿ ಬಿದ್ರ ತಂತಿ ಹೆಂಗ ಎಳಿತಿ? ಎರಡು ದಿನ ಬಿಸಿನೀರಿನ ಶಾಖ ಕೊಡು, ಗುಳಿಗಿ ನುಂಗು. ಶನಿವಾರ ಬಾ.”

“ನೀವು ಹೆಂಗ ಹೇಳ್ತೀರಿ ಹಂಗ್ರಿ,” ಎಂದು, ಕೀವು ತಡೆಯಲೆಂದು ನಾನು ಕೊಟ್ಟ ಸಲ್ಫಾ ಗುಳಿಗೆಯ ಪೊಟ್ಟಣ ತೆಗೆದುಕೊಂಡು ಹೋದ. ಪೆನ್ಸಿಲಿನ್ ಎಂಬ ಹೊಸ ಔಷಧಿಯ ಹೆಸರನ್ನು ನಾವು ಕೇಳಿದ್ದೆವು, ಅಷ್ಟೇ.

ನರಸಪ್ಪ ಸುಮ್ಮನಿರಲಿಲ್ಲ. “ತಾಯಪ್ಪಂದು ಕೊಯ್ದ್ರಿ, ಇವಂದು ಯಾಕ ಬಿಟ್ರಿ? ಎರಡೂ ಒಂದ ಬ್ಯಾನಿ ಅಲ್ಲೇನ್ರಿ?”

“ಅದು ಹಮಾಲಿ ಬೆರಳು ನರಸಪ್ಪ, ಇದು ವಾದ್ಯಗಾರನ ಬೆರಳು,” ಎಂದೆ. ಎಂಥ ರಸಿಕ ನಾನು ಎಂದು ಒಳಗೊಳಗೇ ಬೀಗಿರಲೂ ಸಾಕು.

ಹೇಳಿದ ಹಾಗೆಯೇ ಶನಿವಾರ ಬೆಳಿಗ್ಗೆ ಹುಲುಗಪ್ಪ ಬಂದ. ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿ, ಅರ್ಧ ಮಡಚಿ ನಿಂತಿತ್ತು. ಅಂಗೈ ಊದಿತ್ತು. ಮಣಿಕಟ್ಟಿನಿಂದ ಮೊಳಕೈವರೆಗೆ ಒಂದು ಕೆಂಪು ಗೆರೆ. ಮೈ ಸುಡುತ್ತಿತ್ತು. ಆಗ ಕೊಯ್ದೆ. ಬೆರಳನ್ನು ಮಡಚುವ ಹಗ್ಗದಂಥ ಟೆಂಡನ್ ಬಿಳಿಯಾಗಿ ಹೊಳೆಯಬೇಕು, ಅದು ಬೂದಿಯ ಬಣ್ಣಕ್ಕೆ ಬಂದಿತ್ತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವ ಹಾಗೆ ಮಾಡಿದ್ದೆ. ಇನ್ನು ಬಳ್ಳಾರಿಯ ದೊಡ್ಡಾಸ್ಪತ್ರೆಯೇ ಗತಿ.

ಬಸ್ಸು ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಇದ್ದಿಲು ಗ್ಯಾಸಿಗೆ ಬದಲಾಯಿಸಿದ್ದು. ಅದೂ ಅವತ್ತೇ ಕೆಟ್ಟು, ಎರಡು ತಾಸು ತಡವಾಗಿ ಬಂತು. “ಗೋರುಚುಟ್ಟು ಮೀದ ರೋಕಟಿ ಪೋಟು,” ಎಂದು ನರಸಪ್ಪ ತೆಲುಗಿನಲ್ಲಿ ಗೊಣಗಿದ. ಉಗುರುಸುತ್ತಿನ ಮೇಲೆ ಒನಕೆ ಪೆಟ್ಟು ಎಂಬ ಗಾದೆ. ಅವನು ಹೇಳಿದ್ದು ಬಸ್ಸಿನ ವಿಷಯ, ನಾಟಿದ್ದು ನನಗೆ. ನಾನೂ ಹುಲುಗಪ್ಪನ ಜೊತೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವನು ಎಡಗೈಯನ್ನು ಬಲಗೈಯಲ್ಲಿ ಎತ್ತಿ ಹಿಡಿದು ಕೂತಿದ್ದ. ಒಮ್ಮೆ ಮಾತ್ರ, “ಮುಂದಿನ ವಾರ ನಮ್ಮೂರಾಗ ನಾಟಕ ಐತ್ರಿ, ಅಷ್ಟ್ರಾಗ ಆಕ್ಕೇತೇನ್ರಿ?” ಎಂದು ಕೇಳಿದ. ನಾನು ಕಿಟಕಿಯಿಂದ ಹೊರಗೆ ನೋಡಿದೆ.

ಬಳ್ಳಾರಿಯ ಸರ್ಜನ್ ಹಿರಿಯರು, ಖಡಕ್ ಮನುಷ್ಯ. ಬೆರಳು ನೋಡಿದವರೇ ಕನ್ನಡಕದ ಮೇಲಿನಿಂದ ನನ್ನನ್ನು ದಿಟ್ಟಿಸಿದರು. “ಇವನು ನಿಮಗೆ ಮೊದಲು ತೋರಿಸಿದ್ದು ಯಾವತ್ತು?”

ನಾನು ಬಾಯಿ ತೆರೆಯುವ ಮೊದಲೇ ಹುಲುಗಪ್ಪ ಹೇಳಿಬಿಟ್ಟ: “ನಿನ್ನಿ ಸಂಜಿಮುಂದ ಇವರ ಹತ್ರ ಹೋದೆನ್ರಿ ಸಾಹೇಬ್ರ. ನಾಟಕದ ಹುಚ್ಚಿನಾಗ ನಾನ ತಡಾ ಮಾಡ್ದೆ.”

ಸರ್ಜನ್ ಅವನಿಗೆ ಚೆನ್ನಾಗಿ ಬೈದರು. ನಿಮ್ಮಂಥವರು ಕೈ ಕೊಳೆತ ಮೇಲೆಯೇ ಬರುವುದು ಎಂದರು. ಕೇಸ್ ಶೀಟಿನಲ್ಲಿ ರೋಗಿಯ ಅಲಕ್ಷ್ಯದಿಂದ ವಿಳಂಬ ಎಂದು ಬರೆದರು. ಪೆನ್ನು ಕಾಗದದ ಮೇಲೆ ಓಡುವುದನ್ನು ನಾನು ನಿಂತು ನೋಡಿದೆ. ‘ಇಲ್ಲ ಸಾರ್’ ಎಂಬ ಎರಡು ಪದ ಸಾಕಿತ್ತು. ನಾಲಿಗೆ ಹೊರಳಲಿಲ್ಲ. ಸಂಜೆಗೆ ಮುಂಚೆ ಬೆರಳನ್ನು ಬುಡಸಮೇತ ತೆಗೆದರು.

ಮರುದಿನ ವಾರ್ಡಿನಲ್ಲಿ, “ಯಾಕ ಹಂಗ ಹೇಳ್ದಿ ಹುಲುಗಪ್ಪ?” ಎಂದು ಕೇಳಿದೆ. ಅವನು ಪಟ್ಟಿ ಕಟ್ಟಿದ ಕೈಯನ್ನೇ ನೋಡುತ್ತಿದ್ದ.

“ನನ್ನ ಬೆರಳಂತೂ ಹೋತ್ರಿ. ನಿಮ್ಮ ನೌಕರಿ ಯಾಕ ಹೋಗ್ಬೇಕು? ಸಿರುಗುಪ್ಪಕ್ಕ ಇರಾವ್ರು ನೀವೊಬ್ರ ಡಾಕ್ಟ್ರು.”

ನನಗೆ ಅಳು ಬಂತು. ಅತ್ತುಬಿಟ್ಟೆ. ಆದರೆ ಎದ್ದು ಸರ್ಜನ್ ಕೋಣೆಗೆ ಹೋಗಲಿಲ್ಲ.

ಹತ್ತು ದಿನದ ಮೇಲೆ ತಾಯಪ್ಪ ಡಿಸ್ಪೆನ್ಸರಿಗೆ ಬಂದು ಬೆರಳು ಆಡಿಸಿ ತೋರಿಸಿದ. “ನೋಡ್ರಿ ಡಾಕ್ಟ್ರೇ, ಹೊಸಾದು ಆಗೇತಿ!” ಕೊಯ್ದ ಜಾಗದಲ್ಲಿ ಭತ್ತದ ಕಾಳಿನಷ್ಟು ಕಲೆಯಿತ್ತು. ಒತ್ತಿದರೆ ಅವನಿಗೆ ಸ್ಪರ್ಶ ಗೊತ್ತಾಗುತ್ತಿತ್ತು. ನಾನು ಹೆದರಿದ ಜೋಮು ಎಲ್ಲೂ ಇರಲಿಲ್ಲ.

ಕಂಪನಿಯವರು ಹುಲುಗಪ್ಪನನ್ನು ಬಿಟ್ಟು ಮುಂದಿನ ಊರಿಗೆ ಹೋದರು. ಹ್ಯಾಂಡ್‌ಬಿಲ್ಲಿನಲ್ಲಿ ಒಂದು ಸಾಲು ಕಡಿಮೆಯಾಯಿತು. ನಾಲ್ಕು ತಿಂಗಳ ನಂತರ ಅವನು ಗಿಟಾರ್ ಹೊತ್ತು ನಮ್ಮ ಡಿಸ್ಪೆನ್ಸರಿಯ ಅಂಗಳಕ್ಕೆ ಬಂದು, ಬೇವಿನ ಮರದ ಕೆಳಗೆ ಕೂತು ನುಡಿಸಿದ. ತೋರುಬೆರಳು, ನಡುಬೆರಳು, ಕಿರುಬೆರಳು, ಇಷ್ಟರಲ್ಲೇ ಹೊಸದಾಗಿ ಕಲಿತಿದ್ದ. ಎಳೆತ ಬರಬೇಕಾದ ಜಾಗ ಬಂದಾಗ ಒಂದು ಕ್ಷಣ ಕೈ ನಿಲ್ಲಿಸಿ, ಮುಂದಿನ ಸ್ವರಕ್ಕೆ ಹೋದ.

“ಎಳ್ಯಾಕ ಬರಂಗಿಲ್ರಿ. ಅದಕ್ಕ ಆ ಜಾಗ ಖಾಲಿ ಬಿಡ್ತೀನಿ. ಕೇಳಾವ್ರು ತುಂಬ್ಕೊಂತಾರ,” ಎಂದು ನಕ್ಕ.

ನರಸಪ್ಪ ಭೇಷ್ ಎಂದ. ನನಗೆ ತುಂಬಿಕೊಳ್ಳಲು ಆಗಲಿಲ್ಲ.

ಮರುವರ್ಷ ನನಗೆ ಕಡಪಾ ಕಡೆಗೆ ವರ್ಗವಾಯಿತು. ನರಸಪ್ಪನ ಕಾಗದಗಳು ಆಗಾಗ ಬರುತ್ತಿದ್ದವು. ಹುಲುಗಪ್ಪ ಹತ್ತಿರದ ರಾರಾವಿಯಲ್ಲಿ ಹೆಂಡತಿಯ ತವರಿನಲ್ಲಿದ್ದಾನೆ, ಸಿರುಗುಪ್ಪಕ್ಕೆ ಬಂದು ಗಿರಣಿಯ ಹಿಂದಿನ ಕಣದಲ್ಲಿ ಹುಡುಗರಿಗೆ ಕಲಿಸುತ್ತಾನೆ, ಚಹಾ ಪೆಟ್ಟಿಗೆಯ ಹಲಗೆಯಿಂದ ಬಡಿಗನ ಕೈಲಿ ಗಿಟಾರ್ ಮಾಡಿಸಿದ್ದಾನೆ ಎಂದೆಲ್ಲ ಬರೆಯುತ್ತಿದ್ದ. ನಾನು ಉತ್ತರದಲ್ಲಿ ನಮಸ್ಕಾರ ತಿಳಿಸುತ್ತಿದ್ದೆ. ನಮಸ್ಕಾರಕ್ಕೆ ಖರ್ಚಿಲ್ಲವಲ್ಲ.

೧೯೫೨ರಲ್ಲಿ ಬಳ್ಳಾರಿಗೇ ಮರಳಿ ಬಂದೆ, ಅದೇ ದೊಡ್ಡಾಸ್ಪತ್ರೆಗೆ. ಹಳೆಯ ಸರ್ಜನ್ ನಿವೃತ್ತರಾಗಿ ಊರು ಬಿಟ್ಟಿದ್ದರು. ಒಂದು ಭಾನುವಾರ ರಾರಾವಿಗೆ ಹೋಗಿ ಹುಲುಗಪ್ಪನನ್ನು ನೋಡಬೇಕು, ಅವನ ಶಿಷ್ಯರ ಎದುರಿಗೇ ನಿಜ ಹೇಳಬೇಕು ಎಂದುಕೊಂಡೆ. ಭಾನುವಾರಗಳು ಹೋದವು. ಅಷ್ಟರಲ್ಲಿ ನರಸಪ್ಪನ ಮಗಳ ಮದುವೆ ಕುರುಗೋಡಿನಲ್ಲಿ ಬಂತು. ಅಲ್ಲಿಗೆ ಹುಲುಗಪ್ಪನೂ ಬಂದೇ ಬರುತ್ತಾನೆಂದು ಹೊರಟೆ.

ಚಪ್ಪರದ ಹತ್ತಿರ ಬರುವಾಗಲೇ ಗಿಟಾರು ಕೇಳಿತು. ಹಾಡು ಸಾಗುತ್ತ ಸಾಗುತ್ತ ಒಂದು ಕಡೆ ಕ್ಷಣ ನಿಂತು ಮುಂದೆ ಹೋಯಿತು. ಅದೇ ಖಾಲಿ ಜಾಗ. ಹುಲುಗಪ್ಪನೇ ಎಂದು ಹೆಜ್ಜೆ ಬೇಗ ಹಾಕಿದೆ. ಒಳಗೆ ಜನರೆದುರಿಗೆ ಜಮಖಾನದ ಮೇಲೆ ಐದು ಜನ ಯುವಕರು ಕೂತು ನುಡಿಸುತ್ತಿದ್ದರು. ಐವರ ಎಡಗೈಯಲ್ಲೂ ಐದೈದು ಬೆರಳು ಇದ್ದವು. ಆದರೂ ಐವರೂ ಉಂಗುರ ಬೆರಳನ್ನು ಅಂಗೈಗೆ ಮಡಚಿಕೊಂಡಿದ್ದರು.

ನರಸಪ್ಪನನ್ನು ಕೇಳಿದೆ. ಹುಲುಗಪ್ಪ ಹೋದ ವರ್ಷ ಜ್ವರ ಬಂದು ತೀರಿಕೊಂಡನೆಂದು ಹೇಳಿದ. “ನಿಮಗ ಕಾಗದ ಹಾಕಿದ್ನಲ್ರಿ,” ಎಂದ. ವರ್ಗಾವರ್ಗಿಯಲ್ಲಿ ಅದು ನನಗೆ ಮುಟ್ಟಿರಲಿಲ್ಲ.

ನುಡಿಸುವುದು ಮುಗಿದ ಮೇಲೆ ಅವರಲ್ಲಿ ಹಿರಿಯನಾದ ಹೊನ್ನೂರಪ್ಪನನ್ನು ಕರೆದೆ. ಗಿರಣಿಯಲ್ಲಿ ಫಿಟರ್ ಆಗಿದ್ದ. “ಆ ಬೆರಳು ಯಾಕ ಮಡಚ್ತೀರಪ್ಪ? ಅದನ್ನೂ ಹಾಕಿದ್ರ ಸ್ವರ ಎಳ್ಯಾಕ ಬರ್ತೈತಿ.”

“ನಮ್ಮ ಗುರುಗಳೂ ಹಾಕು ಅಂತಿದ್ರು ಬಿಡ್ರಿ. ನಮಗ ಬರಂಗಿಲ್ರಿ. ಅವರ ಕೈ ನೋಡಿ ಕಲ್ತೀವಿ. ಆ ಬೆರಳು ಹಾಕಿದ್ರ ಅದು ಅವರ ಬಾಜಾ ಆಗಂಗಿಲ್ಲ,” ಎಂದ. ಸಿರುಗುಪ್ಪ, ರಾರಾವಿ, ಕುರುಗೋಡು ಸೇರಿ ಹೀಗೆ ನುಡಿಸುವವರು ಇಪ್ಪತ್ತಕ್ಕೂ ಹೆಚ್ಚು ಇದ್ದಾರೆಂದೂ, ಜನ ಈ ನುಡಿಸುವ ಧಾಟಿಯನ್ನು ‘ಸಿರುಗುಪ್ಪದ ಬಾಜಾ’ ಎನ್ನುತ್ತಾರೆಂದೂ ಹೆಮ್ಮೆಯಿಂದ ಹೇಳಿದ. ಅಲ್ಲೂ ಹುಲುಗಪ್ಪನ ಹೆಸರಿಲ್ಲ. ಹಳೆಯ ಎಳೆತವನ್ನು ಕೇಳಿದ್ದೀಯಾ ಎಂದರೆ ಅವನಿಗೆ ನಾನು ಏನು ಕೇಳುತ್ತಿದ್ದೇನೆಂದೇ ತಿಳಿಯಲಿಲ್ಲ. ಅದನ್ನು ಯಾರೂ ರೆಕಾರ್ಡು ಮಾಡಿರಲಿಲ್ಲ.

ಅಷ್ಟರಲ್ಲಿ ನರಸಪ್ಪ ನನ್ನ ಪರಿಚಯ ಹೇಳಿದ. ಹೊನ್ನೂರಪ್ಪನ ಮುಖ ಅರಳಿತು.

“ನೀವ ಏನ್ರಿ ಆ ಡಾಕ್ಟ್ರು? ಗುರುಗಳು ಯಾವಾಗ್ಲೂ ಹೇಳ್ತಿದ್ರು. ನೀವು ಬಸ್ಸಿನಾಗ ಕರ್ಕೊಂಡು ಹೋಗದಿದ್ರ ಕೈನ ಹೋಗ್ತಿತ್ತಂತ!”

ಐವರೂ ಬಂದು ನನ್ನ ಕಾಲು ಮುಟ್ಟಿದರು. ನರಸಪ್ಪ ತಲೆ ತಗ್ಗಿಸಿ ಎಲೆಅಡಿಕೆಯ ತಟ್ಟೆ ಸರಿಪಡಿಸತೊಡಗಿದ. ಅಂದು ಸರ್ಜನ್ ಎದುರಿಗೆ ಹೊರಳದ ನಾಲಿಗೆ ಇಂದೂ ಹೊರಳಲಿಲ್ಲ. ಮದುವೆಮನೆ, ಇವತ್ತು ಬೇಡ ಎಂದು ನೆಪ ಹೇಳಿಕೊಂಡು ಊಟ ಮಾಡಿ ಬಂದೆ. ಆ ‘ಇವತ್ತು ಬೇಡ’ ಇಲ್ಲಿಯವರೆಗೆ ನಡೆದುಕೊಂಡು ಬಂದಿದೆ.

ಆ ಬೆರಳು ನನಗೆ ಕಲಿಸಿದ್ದು ಇಷ್ಟು: ಬೆರಳು ನೋಡುವಾಗ ಮುಖ ನೋಡಬಾರದು. ದೊಡ್ಡವರ ಮಗುವಾಗಲಿ, ಹಮಾಲಿಯಾಗಲಿ, ನಾನೇ ಆರಾಧಿಸುವ ಕಲಾವಿದನಾಗಲಿ, ಕೀವಿಗೆ ಒಂದೇ ನಿಯಮ. ನನ್ನ ಅಸಡ್ಡೆಗೆ ಸಿಕ್ಕಿದ್ದರೆ ಹುಲುಗಪ್ಪನ ಬೆರಳು ಉಳಿಯುತ್ತಿತ್ತು, ನನ್ನ ಅಭಿಮಾನಕ್ಕೆ ಸಿಕ್ಕು ಹೋಯಿತು. ಆಮೇಲೆ ನನ್ನ ಕೈಕೆಳಗೆ ಕಲಿತ ಕಿರಿಯ ವೈದ್ಯರಿಗೆಲ್ಲ ಇದನ್ನು ಹೇಳಿದ್ದೇನೆ. ಯಾರ ಬೆರಳು, ಯಾವ ವೈದ್ಯ ಎಂದು ಮಾತ್ರ ಹೇಳಿರಲಿಲ್ಲ.

ಆ ಕೇಸ್ ಶೀಟನ್ನು ಈಗ ಗೆದ್ದಲು ತಿಂದಿರುತ್ತದೆ. ಆದರೂ ಅದರಲ್ಲಿನ ಒಂದು ಸಾಲನ್ನು ತಿದ್ದದೆ ನಾನು ಸಾಯಬಾರದು. ಹುಲುಗಪ್ಪ ನನ್ನಲ್ಲಿಗೆ ಬಂದದ್ದು ಶುಕ್ರವಾರ ಸಂಜೆಯಲ್ಲ, ಗುರುವಾರ ಬೆಳಿಗ್ಗೆ. ಕೊಯ್ಯಿರಿ ಎಂದು ಅವನೇ ಕೇಳಿದ್ದ. ತಡ ಮಾಡಿದವನು ನಾನು.