ಮಾರ್ಕ್ ಇಳಿದ ವಾರ

ನಮ್ಮ ಮನೆಯಲ್ಲಿ ಮೂವತ್ತು ವರ್ಷಗಳಿಂದ ನಡೆದುಬಂದ ಒಂದು ನಂಬಿಕೆಗೆ ಮೊನ್ನೆ ಭಾನುವಾರ ನನ್ನ ಮಗಳೇ ಎಳ್ಳುನೀರು ಬಿಟ್ಟಳು. ನಾನು ಚುರುಮುರಿಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ. ಅವಳು ಎದುರಿಗೆ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಇಲ್ಲೇ ಪುಣೆಯ ಒಂದು ರಫ್ತು ಕಂಪನಿಯಲ್ಲಿ ಅವಳ ಕೆಲಸ. ಯಾವ ದೇಶದ ಹಣ ಯಾವ ದಿನ ಎಷ್ಟು ರೂಪಾಯಿಗೆ ಇತ್ತು ಎಂದು ನೋಡುವುದು ಅವಳಿಗೆ ನಮ್ಮ ಹಿರಿಯರು ಪಂಚಾಂಗ ನೋಡಿದಷ್ಟು ಸಲೀಸು.

"ಅಪ್ಪಾ, ನಾ ಹುಟ್ಟಿದ ವಾರ ಜರ್ಮನಿ ಮಾರ್ಕ್ ಇಳೀತು ಅಂತಿದ್ದಿ, ಹೌದಿಲ್ಲೋ?"

"ಹೌದು. ನಿನ್ನ ಕಾಲ್ಗುಣ."

"ಇಳದಽ ಇಲ್ಲ. ಏರೇದ. ಬಘ್, ನೋಡಿಲ್ಲಿ."

ಕನ್ನಡಕ ಹಾಕಿ ನೋಡಿದೆ, ತೆಗೆದು ಒರೆಸಿ ಮತ್ತೆ ನೋಡಿದೆ. ಪರದೆಯ ಮೇಲಿನ ಗೆರೆ ಆ ವಾರವೆಲ್ಲ ಮೇಲಕ್ಕೇ ಹೋಗಿತ್ತು.

ಕೂಸು ಹುಟ್ಟುವುದಕ್ಕೂ ಜರ್ಮನಿಯ ನಾಣ್ಯಕ್ಕೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ನೀವು ಕೇಳುವುದು ಸಹಜ. ಹೇಳುತ್ತೇನೆ, ಸ್ವಲ್ಪ ಹಿಂದಕ್ಕೆ ಬನ್ನಿ.

ಆಗ ನಾನು ಬೆಳಗಾವಿಯಲ್ಲಿ ಲೇಥ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದೆ. ಗೋಕಾಕದ ಕಡೆಯವರೊಬ್ಬರು ಪುಣೆಯ ಹತ್ತಿರ ಭೋಸರಿಯಲ್ಲಿ ಶೆಡ್ ಹಾಕಿಕೊಂಡು ಯಂತ್ರದ ಬಿಡಿಭಾಗ ಮಾಡುತ್ತಿದ್ದರು. ಅವರನ್ನು ಎಲ್ಲರೂ ಮಾಲಕರು ಎನ್ನುತ್ತಿದ್ದರು, ಅವರ ಹೆಂಡತಿಯನ್ನು ವೈನಿ, ಅಂದರೆ ಅತ್ತಿಗೆ. ಮಾಲಕರು ಜರ್ಮನಿಯಿಂದ ಒಂದು ದೊಡ್ಡ ಯಂತ್ರ ತರಿಸುವವರಿದ್ದರು. ಅದನ್ನು ನಡೆಸಲು ಒಬ್ಬ ಬೇಕಿತ್ತು. ನಾನು ಇದ್ದ ಕೆಲಸ ಬಿಟ್ಟು, ಹೊಸದಾಗಿ ಮದುವೆಯಾದ ಹೆಂಡತಿಯನ್ನು ಕರೆದುಕೊಂಡು ಪುಣೆಗೆ ಬಂದೆ. ಯಂತ್ರದ ಬಣ್ಣದ ಚಿತ್ರವನ್ನು ಬಾಡಿಗೆ ಕೋಣೆಯ ಗೋಡೆಗೆ ಅಂಟಿಸಿದ್ದೆ. ಬಂದವರಿಗೆಲ್ಲ "ಇದು ನಂದು" ಎಂದು ತೋರಿಸುತ್ತಿದ್ದೆ. ಮಾವನ ಮನೆಯವರು ಅದು ನನ್ನ ಸ್ವಂತದ್ದು ಎಂದೇ ಬಹಳ ದಿನ ತಿಳಿದಿದ್ದರು. ನಾನೂ ತಿದ್ದಲು ಹೋಗಲಿಲ್ಲ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ನಮ್ಮ ಮಾಲಕರದು ಎತ್ತಿದ ಕೈ. ಮುಹೂರ್ತ ನೋಡಿ, ಶೆಡ್ಡಿನ ನಡುವೆ ಯಂತ್ರಕ್ಕೆಂದು ಕಾಂಕ್ರೀಟಿನ ಕಟ್ಟೆ ಕಟ್ಟಿಸಿ, ಬೋಲ್ಟುಗಳನ್ನು ಮೇಲಕ್ಕೆ ಚಾಚಿ ನಿಲ್ಲಿಸಿಬಿಟ್ಟಿದ್ದರು. ಜತೆಗೆ ದಿನಾ ಬೆಳಿಗ್ಗೆ ತಮ್ಮ ಕ್ಯಾಬಿನ್ನಿಗೆ ಬರುವ ಇಂಗ್ಲಿಷ್ ಪೇಪರು ನೋಡಿ, ಒಂದು ಮಾರ್ಕಿಗೆ ಎಷ್ಟು ರೂಪಾಯಿ ಎಂಬುದನ್ನು ಶೆಡ್ಡಿನ ಕಬ್ಬಿಣದ ಬಾಗಿಲ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಿದ್ದರು. ಮಾರ್ಕಿನ ಮುಖವನ್ನೇ ಕಾಣದ ನಾವು ಅದರ ಏರಿಳಿತವನ್ನು ಮಳೆ ಬೆಳೆಯ ಹಾಗೆ ಮಾತಾಡುತ್ತ ಒಳಗೆ ಹೋಗುತ್ತಿದ್ದೆವು.

ಯಂತ್ರ ಹಡಗು ಹತ್ತುವ ಮೊದಲೇ ಸರ್ಕಾರ ಒಂದೇ ವಾರದಲ್ಲಿ ಎರಡು ಸಲ ರೂಪಾಯಿಯ ಬೆಲೆ ಇಳಿಸಿತು. ಅಷ್ಟೇ ಮಾರ್ಕಿಗೆ ಈಗ ಮೊದಲಿಗಿಂತ ಎಷ್ಟೋ ಹೆಚ್ಚು ರೂಪಾಯಿ ಸುರಿಯಬೇಕು. ಯಂತ್ರ ಬರಲಿಲ್ಲ. ಬೆಳಗಾವಿಯ ನನ್ನ ಜಾಗಕ್ಕೆ ಬೇರೆಯವನು ಬಂದಾಗಿತ್ತು. ಅತ್ತ ದರಿ, ಇತ್ತ ಪುಲಿ.

ಹೆದರುತ್ತಲೇ ಕ್ಯಾಬಿನ್ನಿಗೆ ಹೋದೆ. ಮಾಲಕರು ತಲೆ ಎತ್ತದೆ ಹೇಳಿದರು: "ಯಂತ್ರ ಬರ್ತದೋ. ಮಾರ್ಕ್ ಒಂಚೂರು ಇಳೀಲಿ. ಅಲ್ಲೀತನಕ ಹಳೇ ಲೇಥ್ ಮ್ಯಾಲ ಕೈ ಆಡಸು."

ಆ ವರ್ಷ ಖಂಡೇನವಮಿಗೆ ಎಲ್ಲ ಯಂತ್ರಗಳಿಗೂ ಅರಿಸಿನ ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕಿದರು. ಒಂದು ಮಾಲೆ ಉಳಿಯಿತು. ವೈನಿ ಖಾಲಿ ಕಟ್ಟೆಯನ್ನೊಮ್ಮೆ, ಅದರ ಪಕ್ಕ ನಿಂತ ನನ್ನನ್ನೊಮ್ಮೆ ನೋಡಿ, "ಸದ್ಯಕ್ಕ ಇವರಿಗೇ ಹಾಕೋಣ" ಎಂದು ನನ್ನ ಕೊರಳಿಗೆ ಹಾಕಿಬಿಟ್ಟರು. ಶೆಡ್ಡಿಗೆ ಶೆಡ್ಡೇ ನಕ್ಕಿತು. ನಾನೂ ನಕ್ಕೆ. ಆದರೆ ಒಳಗೆ ಒಂದು ಮುಳ್ಳು ಇದ್ದೇ ಇತ್ತು.

ಮರುವರ್ಷ ಕೆಲಸ ತೀರ ಕಡಿಮೆಯಾಯಿತು. ನನಗಿಂತ ಹಳಬರೇ ಒಬ್ಬೊಬ್ಬರಾಗಿ ಬಿಟ್ಟು ಹೋಗುತ್ತಿದ್ದರು. ಇಲ್ಲದ ಯಂತ್ರಕ್ಕೆ ನೇಮಕವಾದ ನಾನು ಯಾವ ಮುಖದಿಂದ ಪಗಾರ ತೆಗೆದುಕೊಳ್ಳಲಿ? ಹೆಂಡತಿ ಹೆರಿಗೆಗೆ ಆಸ್ಪತ್ರೆ ಸೇರಿದ್ದಳು. ಮಗಳು ಹುಟ್ಟಿದ ಬೆಳಿಗ್ಗೆ, ಕೈಯಲ್ಲಿ ಪೇಡೆಯ ಡಬ್ಬಿ, ಬಾಯಲ್ಲಿ "ಇನ್ನ ನಾ ಬರೂದಿಲ್ರಿ" ಎಂಬ ಮಾತು ಹಿಡಿದುಕೊಂಡು ಭೋಸರಿಗೆ ಹೋದೆ. ಬಾಗಿಲ ಮೇಲೆ ನೋಡಿದರೆ ಮಾರ್ಕ್ ಇಳಿದಿತ್ತು! ಮಾಲಕರು ಬಾಗಿಲಲ್ಲೇ ನಿಂತು ಪೇಡೆ ಬಾಯಿಗೆ ಹಾಕಿಕೊಂಡು, "ಕೂಸಿನ ಕಾಲ್ಗುಣ ನೋಡೋ" ಎಂದರು. ತಂದ ಮಾತನ್ನು ನುಂಗಿಕೊಂಡು ಲೇಥ್ ಮುಂದೆ ನಿಂತೆ.

ಹಾಗೆ ನಿಂತವನು ನಿವೃತ್ತಿಯವರೆಗೂ ಅಲ್ಲೇ ನಿಂತೆ. ಕೆಲಸ ಮತ್ತೆ ಕೂಡಿ ಬಂತು, ನಾನು ಸೂಪರ್‌ವೈಜರ್ ಆದೆ, ಮನೆಯಾಯಿತು. ಯಂತ್ರ ಬರದ ಆ ಕಟ್ಟೆಯ ಮೇಲೆ ನಾವೆಲ್ಲ ರೊಟ್ಟಿಯ ಬುತ್ತಿ ಬಿಚ್ಚಿ ಊಟ ಮಾಡುತ್ತಿದ್ದೆವು. ಮಾಲಕರು ಮಾತ್ರ ಬಾಗಿಲ ಮೇಲೆ ಬರೆಯುವುದನ್ನು ಬಿಡಲಿಲ್ಲ. ಕೊನೆಗೆ ಜರ್ಮನಿಯವರೇ ಮಾರ್ಕ್ ಬಿಟ್ಟು ಯೂರೋ ಹಿಡಿದ ದಿನ, "ಮಾರ್ಕಽ ಇಲ್ಲಂತೋ, ಇನ್ನೇನ್ ಬರೀಲಿ" ಎಂದು ಅಂಗೈಯಿಂದ ಬಾಗಿಲು ಒರೆಸಿದರು.

ಈಗ ಅವರಿಲ್ಲ. ಮೊನ್ನೆ ಪರದೆಯ ಗೆರೆ ನೋಡಿದ ಮೇಲೆ ತಡೆಯಲಾಗದೆ ವೈನಿಗೆ ಫೋನ್ ಮಾಡಿದೆ. ನನ್ನ ಗೊಂದಲ ಕೇಳಿ ಅವರು ನಕ್ಕರು.

"ಆ ಯಂತ್ರದ ಆರ್ಡರ್ ಸರ್ಕಾರ ರೂಪಾಯಿ ಇಳಿಸಿದ ವಾರಽ ರದ್ದಾಗಿತ್ತಲ್ರೀ."

"ಮತ್ತ ಅಷ್ಟು ವರ್ಷ ದಿನಾ ಬರೀತಿದ್ರಲ್ರಿ?"

"ಬರಿಯೂದು ಬಿಟ್ರ ಆ ಹುಡುಗ ಗಂಟು ಕಟ್ತಾನ, ಹೆಂಡ್ತೀನ ಕರಕೊಂಡು ಎಲ್ಲಿ ಹೋಗ್ತಾನ ಅಂತಿದ್ರು. ನಿಮ್ಮ ಮಾರಿ ಸಣ್ಣಾಗಿದ್ದ ದಿನ ಸ್ವಲ್ಪ ಇಳಿಸಿ ಬರೀತಿದ್ರು."

ಕರುಣೆ ತೋರಿಸಿದ್ದರೆ ನಾನು ಅಂದೇ ಎದ್ದು ಹೋಗುತ್ತಿದ್ದೆ. ಅದನ್ನು ತಿಳಿದು, ಕಾಯುವುದಕ್ಕೆ ಒಂದು ನೆಪ ಕೊಟ್ಟು, ನನ್ನ ಮಾನ ಉಳಿಸಿ ಅನ್ನ ಕೊಟ್ಟಿದ್ದರು. ಇಂಥವರ ನೆರಳಲ್ಲಿ ಬದುಕಿದೆನಲ್ಲ ಎಂದು ಎದೆ ತುಂಬಿ ಬಂತು.

ವೈನಿ ಮುಂದುವರಿಸಿದರು: "ಆದ್ರ ನಿಮ್ಮದೂ ಭಾಳ ದೊಡ್ಡ ಮನಸ್ರೀ. 'ಅಂವಗ ಎಲ್ಲಾ ಗೊತ್ತದ, ನನಗ ಕೆಟ್ಟನಸಬಾರದು ಅಂತ ದಿನಾ ಬಂದು ಬಾಗಲಾ ನೋಡಿದ್ಹಾಂಗ ಮಾಡ್ತಾನ' ಅಂತ ಕಡೀತನಕ ಹೇಳ್ತಿದ್ರು. ಗೊತ್ತಿತ್ತಲ್ರೀ ನಿಮಗ?"

ನನಗೆ ಏನೇನೂ ಗೊತ್ತಿರಲಿಲ್ಲ. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೌದ್ರಿ ವೈನಿ," ಎಂದೆ. "ಗೊತ್ತಿತ್ರಿ."