ಲಾರಿ ಟ್ಯೂಬಿನ ಮೇಲೆ ಕೂತು ಹೋದ ಮಗಳು

“ಅಪ್ಪಾ, ಅಕ್ಕ ಚಿಕ್ಕದಾಗ್ತಾ ಇದ್ದಾಳೆ” ಎಂದ ನನ್ನ ಮಗ.

ಎಂಟು ವರ್ಷದವನು. ಸಮುದ್ರದ ದಡದಲ್ಲಿ ಕೂತು ಮರಳು ತೋಡುತ್ತಿದ್ದ. ಪಕ್ಕದಲ್ಲೇ ನಾನು ಟವೆಲ್ ಹೊದ್ದು ಕಾಫಿ ಕುಡಿಯುತ್ತಿದ್ದೆ. ಏನು ಹೇಳ್ತಿದಾನೆ ಇವನು ಎಂದುಕೊಂಡು ತಲೆ ಎತ್ತಿದೆ.

ಹೌದು… ಹನ್ನೊಂದು ವರ್ಷದ ಮಗಳು ಕಪ್ಪು ಟ್ಯೂಬಿನ ಮೇಲೆ ಕೂತು ಕೈ ಬೀಸುತ್ತಿದ್ದಳು. ಸ್ವಲ್ಪ ಹೊತ್ತಿನ ಮುಂಚೆ ಕಾಣುತ್ತಿದ್ದ ಅವಳ ನಗು ಈಗ ಕಾಣುತ್ತಿರಲಿಲ್ಲ. ಕೈ ಮಾತ್ರ ಕಾಣುತ್ತಿತ್ತು.

ಆ ಟ್ಯೂಬು ನನ್ನ ಅಂಗಡಿಯದೇ. ಆಂಧ್ರದ ಗಡಿಯಲ್ಲಿರುವ ನಂಗಲಿಯ ಹತ್ತಿರ ಹೈವೇ ಪಕ್ಕ ಟೈರ್ ಅಂಗಡಿ ಇಟ್ಟಿದ್ದೇನೆ. ಪಂಕ್ಚರ್ ಹಾಕುತ್ತಾ ಶುರು ಮಾಡಿದವನು, ಈಗ ಹೊಸ ಟೈರ್ ಮಾರುವವರೆಗೆ ಬಂದಿದ್ದೇನೆ. ಅಂಗಡಿ ಬಿಟ್ಟು ಮಕ್ಕಳನ್ನು ಬೀಚಿಗೆ ಕರೆದುಕೊಂಡು ಹೋಗಿದ್ದು ಇದೇ ಮೊದಲು.

ದಸರಾ ರಜೆ. ಆಂಧ್ರದ ಕಡೆಯ ಬೀಚನ್ನೇ ಆರಿಸಿದ್ದೆ. ತೆಲುಗು ನಮ್ಮೂರಲ್ಲಿ ಎಲ್ಲರಿಗೂ ಸಲೀಸು, ಅಲ್ಲಿ ಯಾರೂ ನಮ್ಮ ತಲೆ ಸವರೋಕಾಗಲ್ಲ ಅನ್ನೋದು ನನ್ನ ಲೆಕ್ಕಾಚಾರ. ಸಮುದ್ರದ ಜೊತೆ ಯಾವ ಭಾಷೆಯಲ್ಲಿ ಮಾತಾಡಬೇಕು ಎಂದು ಮಾತ್ರ ಯೋಚಿಸಿರಲಿಲ್ಲ.

ಬೀಚಿನಲ್ಲಿ ಬಾಡಿಗೆಗೆ ಸಿಗುವ ಬಣ್ಣಬಣ್ಣದ ಫ್ಲೋಟುಗಳನ್ನು ಹಿಸುಕಿ ನೋಡಿದ್ದೆ. ಜೀವನವೆಲ್ಲ ರಬ್ಬರ್ ಮುಟ್ಟಿದ ಕೈ ಇದು. “ಇದರ ಮೇಲೆ ಬೆಕ್ಕೂ ಕೂರಲ್ಲ” ಎಂದು ಹೇಳಿ, ಕಾರಿನಲ್ಲಿ ತಂದಿದ್ದ ಲಾರಿ ಟ್ಯೂಬಿಗೆ ಗಾಳಿ ತುಂಬಿಸಿದ್ದೆ.

ನಮ್ಮ ಕಡೆ ಈಜು ಕಲಿಯುವುದೇ ಹೀಗೆ… ಬಾವಿ, ಅದರಲ್ಲೊಂದು ಲಾರಿ ಟ್ಯೂಬು. ಬತ್ತಿದ್ದ ಕೆರೆಗೆ ನೀರು ಬಂದ ಮೇಲೆ ತಾಯಲೂರಿನಲ್ಲಿ ನಮ್ಮಣ್ಣನ ತೋಟದ ಬಾವಿಯಲ್ಲೂ ನೀರು ನಿಂತಿದೆ. ಬೇಸಿಗೆಯಲ್ಲಿ ಮಗಳಿಗೆ ಅಲ್ಲೇ ಕಲಿಸಿದ್ದೆ.

“ರೀ, ಅವಳ ಹತ್ರ ಯಾರಾದ್ರೂ ಇರ್ಬೇಕಲ್ವಾ?” ಎಂದಿದ್ದಳು ಹೆಂಡತಿ ಮಂಜುಳ.

“ಅಲೆ ನೋಡೇ, ಎಲ್ಲಾನೂ ದಡಕ್ಕೇ ತಳ್ತಿದೆ. ಸಮುದ್ರವೇ ತಂದು ಬಿಟ್ಟು ಹೋಗುತ್ತೆ” ಎಂದಿದ್ದೆ ನಾನು.

ಬಾವಿಯಲ್ಲಿ ಟ್ಯೂಬು ಯಾವ ಕಡೆ ಹೋದರೂ ಕಲ್ಲಿನ ಗೋಡೆ ಸಿಗುತ್ತದೆ. ಗಾಳಿಯಂತೂ ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಇಲ್ಲಿ ಬೆಳಗಿನ ಗಾಳಿ ನೆಲದ ಕಡೆಯಿಂದ ಸಮುದ್ರದ ಕಡೆಗೆ ಬೀಸುತ್ತಿತ್ತು. ಅಲೆ ಒಡೆಯುವ ಜಾಗ ದಾಟಿದ ಮೇಲೆ, ಗಾಳಿಗೆ ಸಿಕ್ಕ ಅಷ್ಟು ದಪ್ಪದ ಟ್ಯೂಬನ್ನು ತಡೆಯುವವರು ಯಾರು?

ನೀರಿಗೆ ಬಿದ್ದೆ.

ಈಜುತ್ತಿದ್ದೇನೆ, ಈಜುತ್ತಲೇ ಇದ್ದೇನೆ… ಟ್ಯೂಬು ನನಗಿಂತ ಜೋರಾಗಿ ಹೋಗುತ್ತಿದೆ.

“ಟ್ಯೂಬ್ ಬಿಟ್ಬಿಡು! ನೆಗ್ದು ನನ್ ಹತ್ರ ಈಜ್ಕೊಂಡ್ ಬಾ” ಎಂದು ಕೂಗುತ್ತೇನೆ. ಅವಳಿಗೆ ಕೇಳಿಸಿತು. ಇಲ್ಲ ಎಂದು ತಲೆಯಾಡಿಸಿದಳು.

“ಲೇ, ಹೇಳಿದ ಮಾತು ಕೇಳ್ತೀಯೋ ಇಲ್ವೋ” ಎಂದೆ. ಅವಳು ಬೋರಲಾಗಿ ಮಲಗಿ, ಎರಡೂ ಕೈಯಲ್ಲಿ ಟ್ಯೂಬನ್ನು ತಬ್ಬಿಕೊಂಡಳು.

ನಿಜ ಹೇಳಬೇಕೆಂದರೆ, ಆಗ ನನಗೆ ಬಂದದ್ದು ಭಯಕ್ಕಿಂತ ಹೆಚ್ಚಾಗಿ ಸಿಟ್ಟು. ಇಂಥ ಹೊತ್ತಲ್ಲೂ ಮಾತು ಕೇಳಲ್ಲವಲ್ಲ ಎಂದು.

ಆಮೇಲೆ ಉಪ್ಪುನೀರು ಕುಡಿದೆ. ತೋಳು ಸೋತವು. ಅಂಗಾತ ತೇಲುವುದಷ್ಟೇ ಉಳಿದಿತ್ತು.

ದಡದಲ್ಲಿ ಮಂಜುಳ ದುಪಟ್ಟಾ ಬೀಸುತ್ತಾ ತೆಲುಗಿನಲ್ಲಿ ಕೂಗಾಡಿದ್ದಳಂತೆ. ಮೀನು ಹಿಡಿದು ವಾಪಸ್ ಬರುತ್ತಿದ್ದ ಮೋಟಾರ್ ದೋಣಿ ಅದನ್ನು ನೋಡಿ ತಿರುಗಿತು. ಮೊದಲು ಮಗಳನ್ನು ಎತ್ತಿಕೊಂಡರು, ಬರುವ ದಾರಿಯಲ್ಲಿ ನನ್ನನ್ನು.

“ಪಾಪ ಏಡವಲೇದು ಸಾರ್, ಮೀರೇ ಏಡುಸ್ತುನ್ನಾರು” ಎಂದ ದೋಣಿಯವನು. ಮಗು ಅಳಲಿಲ್ಲ, ನೀವೇ ಅಳ್ತಾ ಇದ್ದೀರಿ ಅಂತ. ಸಮುದ್ರದ ನೀರು ಎಂದು ಮುಖ ಒರೆಸಿಕೊಂಡೆ.

ರೂಮಿಗೆ ಬಂದು, ಅವಳ ತಲೆ ಒರೆಸುತ್ತಾ ಕೇಳಿದೆ. ಯಾಕೆ ನೆಗೀಲಿಲ್ಲ?

“ಏನೇ ಆದ್ರೂ ಟ್ಯೂಬ್ ಬಿಡ್ಬೇಡ ಅಂತ ಬಾವೀಲಿ ನೀನೇ ಹೇಳಿದ್ದೆ. ಬಿಟ್ಟಿದ್ದಕ್ಕೆ ಬೈದೂ ಇದ್ದೆ” ಎಂದಳು. ಆಮೇಲೆ, “ಅಷ್ಟು ದೂರ ನಂಗೆ ಈಜೋಕೆ ಬರಲ್ಲ ಅಪ್ಪಾ. ಬಾವೀಲಿ ಎರಡು ಸುತ್ತಿಗೇ ಸುಸ್ತಾಗ್ತೀನಿ” ಎಂದಳು.

ಟೈರಿನ ಮೇಲೆ ಕೈಯಾಡಿಸಿ ಇನ್ನೆಷ್ಟು ದೂರ ಓಡುತ್ತದೆ ಎಂದು ಹೇಳುವವನು ನಾನು. ನನ್ನ ಮಗಳು ಎಷ್ಟು ದೂರ ಈಜುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ.

ಅವಳಿಗೆ ಗೊತ್ತಿತ್ತು.

ಮಾರನೆಯ ದಿನವೂ ಅಲ್ಲೇ ಉಳಿದೆವು. ಮಕ್ಕಳ ಹಟ. ಪಾದ ಮುಳುಗುವಷ್ಟು ನೀರಿನಲ್ಲಿ ನಾಲ್ಕೂ ಜನ ಕೈ ಕೈ ಹಿಡಿದು ನಿಂತಿದ್ದೆವು, ಗ್ರೂಪ್ ಫೋಟೋಗೆ ನಿಂತವರ ಹಾಗೆ. ಯಾರೂ ಬೀಚಿನಲ್ಲಿ ಅಷ್ಟು ಗಂಭೀರವಾಗಿ ನಿಂತಿದ್ದನ್ನು ನಾನು ನೋಡಿಲ್ಲ.

ವಾಪಸ್ ಬರುವಾಗ ಹಿಂದಿನ ಸೀಟಿನಿಂದ ಮಗಳು ಕೇಳಿದಳು. “ಅಪ್ಪಾ, ಇನ್ನೊಂದ್ಸಲ ನೀನು ಹೇಳಿದ್ದು ತಪ್ಪು ಅನ್ಸಿದ್ರೆ ಏನ್ ಮಾಡ್ಲಿ?”

ಮಂಜುಳ ಕಿಟಕಿಯ ಕಡೆಯಿಂದ ಮುಖ ತಿರುಗಿಸಿ ನನ್ನನ್ನೇ ನೋಡಿದಳು. ಹೇಳ್ರಿ ಈಗ, ಅನ್ನುವ ಹಾಗೆ.

ಗಿರಾಕಿ ಬಾಯಿ ಮುಚ್ಚುವುದರೊಳಗೆ ಉತ್ತರ ಕೊಡುವ ಬಾಯಿ ನನ್ನದು. ಅವತ್ತು ಗೇರ್ ಮಾತ್ರ ಬದಲಿಸಿದೆ.

ನನ್ನ ಮಾತು ಕೇಳಬೇಡ ಎಂದರೆ ನಾಳೆಯಿಂದ ಹೋಮ್‌ವರ್ಕೂ ಇಲ್ಲ, ಊಟಕ್ಕೆ ಬಾ ಎಂದರೆ ಬರುವುದೂ ಇಲ್ಲ. ಕೇಳಲೇಬೇಕು ಎನ್ನೋಣ ಎಂದರೆ… ಮೊನ್ನೆ ಕೇಳಿದ್ದಿದ್ದರೆ ಈ ಪ್ರಶ್ನೆ ಕೇಳಲು ಹಿಂದಿನ ಸೀಟಿನಲ್ಲಿ ಅವಳೇ ಇರುತ್ತಿರಲಿಲ್ಲ.

“ಯೋಚನೆ ಮಾಡಿ ಹೇಳ್ತೀನಿ ಕಣೇ” ಎಂದೆ.

ಶಾಲೆ ಮತ್ತೆ ಶುರುವಾಗಿದೆ. ಅವಳು ಇನ್ನೂ ಕಾಯುತ್ತಿದ್ದಾಳೆ. ನಿಮ್ಮ ಮಕ್ಕಳು ಕೇಳಿದ್ದರೆ ನೀವು ಏನು ಹೇಳುತ್ತಿದ್ದಿರಿ?