ಚಕ್ರದ ವಕ್ರ ತಿದ್ದಿದ್ದು

ಚಕ್ರಕ್ಕೂ ವಕ್ರಕ್ಕೂ ಇರುವುದು ಒಂದೇ ಅಕ್ಷರದ ಅಂತರವೆಂಬುದು, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಹೊಳೆಯಲು ಸೈಕಲ್ಲಿನ ಕಡ್ಡಿಯೊಂದು ಮುರಿಯಬೇಕಾಯಿತು. ಮುರಿದವನು ನಾನೇ, ಸೈಕಲ್ ಮಾತ್ರ ನನ್ನ ಹೆಂಡತಿ ಜಯಮ್ಮನದು.

ಹುಲ್ಲಹಳ್ಳಿಯ ನಮ್ಮ ಮನೆಯಿಂದ ನಾಲೆಯಾಚೆಯ ಹಳ್ಳಿಯ ಅಂಗನವಾಡಿ ಕೆಲಸಕ್ಕೆ ಅವಳು ವರ್ಷಗಟ್ಟಲೆ ಬಸ್ಸಿಗೆ ಕಾದು ಹೋಗಿಬರುತ್ತಿದ್ದಳು. ಈಗ ಐವತ್ತೆರಡನೆಯ ವಯಸ್ಸಿನಲ್ಲಿ, ತಿ. ನರಸೀಪುರದ ತಮ್ಮನ ಮನೆಯಿಂದ ಹಳೆಯ ಲೇಡೀಸ್ ಸೈಕಲ್ ತರಿಸಿಕೊಂಡು, ಶಾಲೆಯ ಬಯಲಿನಲ್ಲಿ ಮಂಡಿ ತರಚಿಕೊಂಡು ಕಲಿತೇಬಿಟ್ಟಳು. ಸೋಮವಾರ ಮೊದಲ ಸವಾರಿಯೆಂದು ನಿಶ್ಚಯವಾಯಿತು. ಭಾನುವಾರ ನಾನು ಅದರ ಕ್ಯಾರಿಯರ್ ಮೇಲೆ ಅಕ್ಕಿಮೂಟೆ ಹೇರಿಕೊಂಡು ಬಂದೆ. ಹಿಂದಿನ ಚಕ್ರದ ಕಡ್ಡಿಯೊಂದು ‘ಟಣ್’ ಎಂದು ಮುರಿಯಿತು.

ಸೋಮವಾರ ಬೆಳಿಗ್ಗೆ ಸೈಕಲ್ಲನ್ನು ಅಂಗಳದಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಟೈರು ಬಿಚ್ಚಿ, ಹೊಸ ಕಡ್ಡಿ ತೂರಿಸಿ, ಚಕ್ರದ ಬೆಂಡ್ ತೆಗೆಯಲು ಕೂತೆ. ರಿಮ್ಮು ಎಡಕ್ಕೆ ವಾಲಿದ್ದರೆ ಬಲಗಡೆಯ ಕಡ್ಡಿ ಬಿಗಿಸಬೇಕು, ಎಡಗಡೆಯದನ್ನು ಸಡಿಲಿಸಬೇಕು. ಅದೂ ಕಾಲು ಸುತ್ತಷ್ಟೇ. ಇಷ್ಟು ಶಾಸ್ತ್ರ ನನಗೆ ಗೊತ್ತಿತ್ತು. ಆದರೆ ಕಿವಿ ಅವಳು ಹೋಗಬೇಕಾದ ರಸ್ತೆಯಲ್ಲಿತ್ತು. ಕಬ್ಬಿನ ಟ್ರ್ಯಾಕ್ಟರ್ ಗುಡುಗುಡಿಸಿಕೊಂಡು ಹೋದಾಗಲೆಲ್ಲ ಕೈ ತಾನಾಗಿ ಒಂದು ಸುತ್ತು ಹೆಚ್ಚು ತಿರುಗುತ್ತಿತ್ತು, ಸರಿಹೋಗುತ್ತಿದ್ದ ಚಕ್ರ ಮತ್ತೆ ಓಲಾಡುತ್ತಿತ್ತು. ನಿಜ ಹೇಳಿಬಿಡುತ್ತೇನೆ: ಅದು ಓಲಾಡಿದಾಗ ನನಗೆ ಸಮಾಧಾನವೇ ಆಗುತ್ತಿತ್ತು.

ಎದ್ದೆ, ನೀರು ಕುಡಿದೆ, ಗಡಿಯಾರ ನೋಡಿದೆ, ಮತ್ತೆ ಕೂತೆ.

“ಇವತ್ತು ಬಸ್ಸಲ್ಲೇ ಹೋಗೇ. ಇದು ಸರಿಹೋಗೋ ಹಂಗೆ ಕಾಣಲ್ಲ,” ಎಂದೆ.

ಊಟದ ಡಬ್ಬಿ ಹಿಡಿದು ಬಂದ ಜಯಮ್ಮ ಚಕ್ರವನ್ನು ಬಿಟ್ಟು ನನ್ನ ಮುಖ ನೋಡಿದಳು. “ಆಗ್ಲೇ ನೆಟ್ಟಗೆ ತಿರುಗ್ತಿತ್ತು ಕಣ್ರೀ, ಅಡುಗೆಮನೆ ಕಿಟಕೀಲಿ ನೋಡ್ದೆ. ನೀವೇ ಮತ್ತೆ ಬಿಗಿ ಮಾಡಿದ್ರಿ. ಭಯ ಆದ್ರೆ ಭಯ ಅನ್ನಿ. ಚಕ್ರದ ಮೇಲ್ ಯಾಕ್ ಹಾಕ್ತೀರ?”

ಸಂಧಿ ಸಮಾಸಗಳಲ್ಲಿ ಎಂದೂ ತೊದಲದ ನಾಲಿಗೆ ತೊದಲಿತು. “ಭಯ ಆಯ್ತದೆ,” ಎಂದೆ ಕೊನೆಗೆ.

“ನಂಗೂ ಆಯ್ತದೆ. ಜಾಸ್ತಿ ಬಿಗಿಸಿದ್ನ ಸಡಿಲ ಮಾಡಿ.”

ಮಾಡಿದೆ. ಚಕ್ರ ನೇರವಾಗಿ ತಿರುಗಿತು. ಟೈರು ಹಾಕಿ ಗಾಳಿ ಹೊಡೆದುಕೊಟ್ಟೆ. ಸೆರಗು ಸಿಕ್ಕಿಸಿಕೊಂಡು ಅವಳು ಹೊರಟಳು.

ಮನೆಯಲ್ಲಿ ಕೂರಲಾಗದೆ, ಹತ್ತು ನಿಮಿಷ ಬಿಟ್ಟು ಅದೇ ದಾರಿಯ ಬಸ್ ಹತ್ತಿ, ಕಳ್ಳನಂತೆ ಕಿಟಕಿಯ ಕೆಳಗೆ ತಲೆ ತಗ್ಗಿಸಿದೆ. ನಾಲೆ ದಾಟಿದ ಮೇಲೆ ಡ್ರೈವರ್ ಹಾರನ್ ಹೊಡೆದ. ತಡೆಯಲಾರದೆ ತಲೆಯೆತ್ತಿದರೆ, ಜಯಮ್ಮ ಗಾಬರಿಯಿಲ್ಲದೆ ಅಂಚಿಗೆ ಸರಿದು ಬಸ್ಸಿಗೆ ದಾರಿ ಬಿಡುತ್ತಿದ್ದಳು. ನಮ್ಮ ಕಣ್ಣುಗಳು ಕೂಡಿಯೇಬಿಟ್ಟವು.

ಇನ್ನು ಅಡಗಿ ಫಲವೇನು? ಮುಂದಿನ ಸ್ಟಾಪಿನಲ್ಲಿ ಇಳಿದು, ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅವಳು ಬಂದಳು, ನಿಲ್ಲಿಸಲಿಲ್ಲ.

“ಬೇಳೆ ನೆನೆಹಾಕಿವ್ನಿ, ಹೋಗಿ ಸಾರು ಮಾಡಿಡಿ!” ಎಂದು ನಗುತ್ತ, ಪೆಡಲ್ ತುಳಿಯುತ್ತ ಮುಂದೆ ಸಾಗಿದಳು.